ನಾಗಾವಿಯ ಕೆಳಗೆ ಬೆಳ್ಳಟ್ಟಿ

ಜಯತೀರ್ಥನ ಆ ದಿನ ಕೆಟ್ಟದ್ದು ಒಂದು ಕಾಗದದ ಕೊನೆಯ ಸಾಲಿನಿಂದ. ಕಾಗದ ಗದಗಿನ ಎಣ್ಣೆಕಾಳು ಬೆಳೆಗಾರರ ಸಂಘದ್ದು, ಅದನ್ನು ಮುದ್ರಿಸಿದ್ದು ಸಂಘಕ್ಕೆ ಹೊಸದಾಗಿ ಬಂದ ಕಂಪ್ಯೂಟರ್, ಆ ಕಂಪ್ಯೂಟರಿನ ಗುಂಡಿ ಒತ್ತಿದವನು ಸಂಘದ ಗುಮಾಸ್ತ ಜಯತೀರ್ಥ. ಯಾವ ಊರಿನಿಂದ ಯಾವ ಕಾಳು ಎಷ್ಟು ಕ್ವಿಂಟಲ್ ಬಂತು ಎನ್ನುವ ವಿವರ ಅದರಲ್ಲಿತ್ತು. ಸಂಘಕ್ಕೆ ಸೇರಿದ ಕ್ರಮದಲ್ಲಿ ಊರುಗಳು ಒಂದರ ಕೆಳಗೊಂದು ಬಂದಿದ್ದವು. ಎಲ್ಲರಿಗಿಂತ ತಡವಾಗಿ ಸೇರಿದ ಬೆಳ್ಳಟ್ಟಿ ಎಲ್ಲರಿಗಿಂತ ಕೆಳಗಿತ್ತು. ಅದರ ತಲೆಯ ಮೇಲೆ ನಾಗಾವಿ ಕುಳಿತಿತ್ತು.

ಬೇರೆ ಯಾವ ಊರಾಗಿದ್ದರೂ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆದರೆ ಸಂಘದ ಅಧ್ಯಕ್ಷರಾದ ಹೊಳೆಯಪ್ಪನವರು ಬೆಳ್ಳಟ್ಟಿಯವರು. ನಾಗಾವಿಯ ಡೈರೆಕ್ಟರ್ ಹೇಮಪ್ಪನವರು ಅವರ ಬೀಗರು. ಹೊಳೆಯಪ್ಪನವರು ಮಗಳನ್ನು ಕೊಟ್ಟವರು, ಹೇಮಪ್ಪನವರು ಸೊಸೆಯಾಗಿ ತಂದುಕೊಂಡವರು. ಹೆಣ್ಣು ಕೊಟ್ಟ ತಪ್ಪಿಗೆ ಹೊಳೆಯಪ್ಪನವರು ಮದುವೆಯ ಮಂಟಪದಲ್ಲಿ ಬಗ್ಗಿಸಿದ ತಲೆಯನ್ನು ಇನ್ನೂ ಪೂರ್ತಿ ಎತ್ತಿರಲಿಲ್ಲ. ಹಬ್ಬಕ್ಕೆ ಕರೆಯಲು ತಾವೇ ಹೋಗಬೇಕು, ಊಟಕ್ಕೆ ಕುಳಿತರೆ ಬೀಗರ ಎಲೆಗೆ ಮೊದಲು ಬಡಿಸಬೇಕು, ಬೀಗರು ಕೈ ತೊಳೆದ ಮೇಲೆ ತಾವು ಏಳಬೇಕು. ಲೋಕದಲ್ಲಿ ಅವರು ಹೇಮಪ್ಪನವರಿಗಿಂತ ಎತ್ತರದಲ್ಲಿ ಕೂಡುತ್ತಿದ್ದ ಜಾಗ ಅಂದರೆ ಸಂಘದ ಅಧ್ಯಕ್ಷರ ಕುರ್ಚಿ ಒಂದೇ. ಈಗ ಒಂದು ಯಂತ್ರ, ಅದೂ ಸಂಘದ ದುಡ್ಡಿನಲ್ಲೇ ತಂದ ಯಂತ್ರ, ಅಲ್ಲಿಯೂ ಅವರನ್ನು ಬೀಗರ ಕೆಳಗೆ ತಂದು ಕೂರಿಸಿತ್ತು.

ಜಯತೀರ್ಥನನ್ನು ಕರೆಸಿದಾಗ ಹೊಳೆಯಪ್ಪನವರು ಆ ಕೊನೆಯ ಸಾಲಿನ ಮೇಲೆ ಬೆರಳೂರಿ ಕುಳಿತಿದ್ದರು. ಬೆರಳು ತೆಗೆದರೆ ಬೆಳ್ಳಟ್ಟಿ ಇನ್ನೂ ಕೆಳಗೆ ಜಾರಿ ಮೇಜಿನಿಂದ ಬಿದ್ದುಹೋಗುತ್ತದೆ ಎನ್ನುವ ಹಾಗೆ.

“ಇದೇನ್ರಿ ಇದು?”

“ಸದಸ್ಯತ್ವದ ನಂಬರಿನ ಪ್ರಕಾರ ಬಂದದರಿ,” ಎಂದ ಜಯತೀರ್ಥ.

“ನಂಬರ್ ಮನೀ ಹಾಳಾತು. ಸಂಜಿಕ ಮಹಾಸಭಾ ಐತಿ. ಇದನ್ನ ಗ್ವಾಡಿಗೆ ಹಚ್ಚೋರದೀವಿ, ಎಲ್ಲಾ ಊರಿನ ಮಂದಿ ನಿಂತು ಓದತೈತಿ. ನಾ ನಮ್ಮ ಬೀಗರ ಕೆಳಗ ಅದೀನಂತ ಊರ ತುಂಬ ಡಂಗುರಾ ಹೊಡಸಬೇಕಂತ ಮಾಡೀರೇನು?”

ಅದೇನು ದೊಡ್ಡ ಮಾತು, ಬೆಳ್ಳಟ್ಟಿಯನ್ನು ಮೇಲಕ್ಕೆ ತಂದರಾಯಿತು ಎಂದು ಜಯತೀರ್ಥ ಹೇಳಿದ. ಹೇಳುವಾಗ ಅವನು ಮೂಲೆಯ ಕುರ್ಚಿಯನ್ನು ನೋಡಿರಲಿಲ್ಲ. ಅಲ್ಲಿ ಹೇಮಪ್ಪನವರು ಚಹಾ ಕುಡಿಯುತ್ತಿದ್ದರು. ಬೀಗರೆಂಬ ಹಕ್ಕಿನ ಮೇಲೆ ಅವರು ಯಾವ ಹೊತ್ತಿಗಾದರೂ ಅಧ್ಯಕ್ಷರ ಕೋಣೆಗೆ ಬಂದು ಕೂಡಬಹುದಾಗಿತ್ತು. ಬೆಳ್ಳಟ್ಟಿ ಮೇಲೆ ಹೋದರೆ ಕೊನೆಗೆ ಉಳಿಯುವುದು ನಾಗಾವಿ ಎಂಬ ಲೆಕ್ಕವನ್ನು ಅವರು ಒಂದು ಗುಟುಕು ಚಹಾದಲ್ಲಿ ಮಾಡಿ ಮುಗಿಸಿದರು.

“ಮಾಡ್ರಿ, ಮಾಡ್ರಿ,” ಎಂದರು ಬಸಿ ಕೆಳಗಿಡುತ್ತ. “ನಮ್ಮನ್ನ ಕೆಳಗ ಹಾಕ್ರಿ. ಗಂಡಿನ ಕಡಿಯವ್ರು ನಾವು, ನಮಗೇನು ಬ್ಯಾಸರಿಲ್ಲ. ಅಂದಂಗ ಬೀಗರ, ಪಂಚಮಿಗೆ ಮಗಳನ್ನ ಕರಿಯಾಕ ಯಾವಾಗ ಬರೋರು?”

ಹೊಳೆಯಪ್ಪನವರ ಮುಖ ಸಪ್ಪಗಾಯಿತು. ಪಂಚಮಿಗೆ ಮಗಳು ತವರಿಗೆ ಬರುವುದೂ ಬಾರದಿರುವುದೂ ಯಾರ ಕೈಯಲ್ಲಿದೆ ಎಂಬುದನ್ನು ಇದಕ್ಕಿಂತ ಮೆತ್ತಗೆ ಹೇಳಲು ಸಾಧ್ಯವಿರಲಿಲ್ಲ. ಅವರು ಛಾವಣಿ ನೋಡಿದರು, ಕಿಟಕಿ ನೋಡಿದರು, ಕೊನೆಗೆ ಗೋಡೆಯ ಮೇಲಿದ್ದ ಡೈರೆಕ್ಟರರ ಫೋಟೋ ನೋಡಿದರು. ಅದರಲ್ಲಿ ಎಲ್ಲ ಊರಿನವರೂ ಕುರ್ಚಿಗೆ ಕುರ್ಚಿ ತಾಗಿಸಿ, ಮಗ್ಗಲಿಗೆ ಮಗ್ಗಲಾಗಿ, ಮೊಣಕಾಲ ಮೇಲೆ ಕೈಯಿಟ್ಟು ಕುಳಿತಿದ್ದರು. ಯಾರೂ ಯಾರ ಕೆಳಗೂ ಇರಲಿಲ್ಲ. ಹೊಳೆಯಪ್ಪನವರಿಗೆ ಜೀವ ಬಂದಂತಾಯಿತು.

ಊರುಗಳನ್ನು ಒಂದರ ಕೆಳಗೊಂದು ಮಲಗಿಸುವ ಬದಲು ಆ ಫೋಟೋದ ಹಾಗೆ ಒಂದರ ಮಗ್ಗಲಿಗೊಂದು ನಿಲ್ಲಿಸಿ ತಾ ಎಂದು ಅಪ್ಪಣೆಯಾಯಿತು. ಆದರೂ ಬೆಳ್ಳಟ್ಟಿ ಮೊದಲಿರಬೇಕು ಎಂದು ದನಿ ತಗ್ಗಿಸಿ ಸೇರಿಸಿದರು. ಹೇಮಪ್ಪನವರು ಅದಕ್ಕೂ ಒಪ್ಪಿದರು, ನಾಗಾವಿಯನ್ನು ಆಚೆ ತುದಿಗೆ ನಿಲ್ಲಿಸುವುದಾದರೆ. ಆ ತುದಿಯಿಂದ ಎಣಿಸಿದರೆ ತಾವೇ ಮೊದಲು ಎಂಬುದು ಅವರ ವಾದ.

“ಸಂಜಿಯೊಳಗ ಕಂಪ್ಯೂಟರ್‌ನ್ಯಾಗಿಂದನ ಬರಬೇಕು, ಕೈಲೆ ಬರದದ್ದು ನಡಿಯಂಗಿಲ್ಲ,” ಎಂದರು ಹೊಳೆಯಪ್ಪನವರು. “ಮುಂಡರಗಿ ಶಾಖಾಕ್ಕ ಒಬ್ಬನ್ನ ಕಳಸೋದೈತಿ. ಆರ್ಡರ್ ನಿಮ್ಮ ಹೆಸರಿಲೆ ಟೈಪ್ ಆಗೇತಿ, ಸಹಿ ಒಂದ ಬಾಕಿ. ಈ ಕೆಲಸಾ ಆತಂದ್ರ ಹರದ ಒಗಿತೀನಿ.”

ಮುಂಡರಗಿಗೆ ಹೋಗುವುದು ಮಾತ್ರ ಜಯತೀರ್ಥನಿಗೆ ಬೇಡವಾಗಿತ್ತು. ಆ ಊರಿನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಆದರೆ ಅವನ ಹೆಂಡತಿ ಸುಂದರಾಬಾಯಿ ಗದಗಿಗೆ ಅಂಟಿಕೊಂಡ ಬೆಟಗೇರಿಯ ಶಾಲೆಯಲ್ಲಿ ಮಾಸ್ತರಿಣಿ. ಮದುವೆಯಾದಂದಿನಿಂದ ಅವನು ಸಂಘದ ಶಾಖೆಗಳ ಕೆಲಸಕ್ಕೆ ಶಿರಹಟ್ಟಿಯಲ್ಲಿ, ಆಮೇಲೆ ಲಕ್ಷ್ಮೇಶ್ವರದಲ್ಲಿ ಕೋಣೆ ಹಿಡಿದುಕೊಂಡು, ಶನಿವಾರ ಬಂದು ಸೋಮವಾರ ಹೋಗುವ ಸಂಸಾರ ನಡೆಸಿದ್ದ. ಹೆಂಡತಿಯ ಮುಖಕ್ಕಿಂತ ಕಂಡಕ್ಟರನ ಮುಖ ಅವನಿಗೆ ಹೆಚ್ಚು ಪರಿಚಯವಾಗಿತ್ತು. ಸಂಘಕ್ಕೆ ಕಂಪ್ಯೂಟರ್ ಬರುತ್ತದೆ, ಹುಬ್ಬಳ್ಳಿಗೆ ಹೋಗಿ ಕಲಿಯುವವರು ಯಾರು ಎಂದಾಗ ಉಳಿದವರೆಲ್ಲ ಶಾಕ್ ಹೊಡೆಯುತ್ತದೆ ಎಂದು ಹಿಂದೆ ಸರಿದಿದ್ದರು. ಜಯತೀರ್ಥ ಮಾತ್ರ ಕೈ ಎತ್ತಿದ. ವಿದ್ಯೆಯ ಮೇಲಿನ ಪ್ರೀತಿಯಿಂದ ಅಲ್ಲ. ಕಂಪ್ಯೂಟರ್ ಇರುವುದು ಗದಗಿನಲ್ಲಿ, ಅದನ್ನು ಬಲ್ಲವನೂ ಗದಗಿನಲ್ಲೇ ಇರಬೇಕಾಗುತ್ತದೆ ಎಂಬ ಒಂದೇ ಆಸೆಯಿಂದ. ಎಂಬತ್ತೆಂಟನೆಯ ಇಸವಿಯಲ್ಲಿ ಗದಗಿನಲ್ಲಿ ಇದು ಬುದ್ಧಿವಂತಿಕೆಯ ಲೆಕ್ಕವೇ ಆಗಿತ್ತು.

ಅವನು ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋದ. ಅದು ಇಡೀ ಕಚೇರಿಯಲ್ಲಿ ತಂಪು ಯಂತ್ರವಿದ್ದ ಒಂದೇ ಕೋಣೆಯಾದ್ದರಿಂದ ಅಲ್ಲಿ ಯಾವಾಗಲೂ ಮಂದಿ ಇರುತ್ತಿತ್ತು. ಹೆಡ್ ಕ್ಲಾರ್ಕ್ ರಾಮಚಂದ್ರರಾಯರು ಅಂದೂ ಫೈಲೊಂದನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ವಿಷಯ ಕೇಳಿ ಅವರು ಕಣ್ಣು ಬಿಟ್ಟರು. ತಾವು ಕೈಯಲ್ಲಿ ಬರೆದಿದ್ದರೆ ಚಹಾದ ಹೊತ್ತಿಗೆ ಮುಗಿಯುತ್ತಿತ್ತು ಎಂದು ಹೇಳಿ ಮತ್ತೆ ಮುಚ್ಚಿದರು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಲೆಕ್ಕವಿದ್ದದ್ದು ಹೀಗೆ: ಒಂದೊಂದು ಸಾಲಿನಲ್ಲಿ ಒಂದು ಊರು, ಒಂದು ಕಾಳು, ಅದರ ತೂಕ. ನಾಗಾವಿ, ಶೇಂಗಾ, ಇಷ್ಟು. ನಾಗಾವಿ, ಕುಸುಬಿ, ಇಷ್ಟು. ಬೆಳ್ಳಟ್ಟಿ, ಶೇಂಗಾ, ಇಷ್ಟು. ಈಗ ಕಾಳುಗಳ ಹೆಸರು ಎಡಬದಿಗೆ ಕೆಳಗಿಳಿಯಬೇಕು, ಊರುಗಳು ಎದ್ದು ನಿಂತು ಕಂಬಸಾಲುಗಳಾಗಬೇಕು. ಕಂಪ್ಯೂಟರನ್ನು ಪ್ರಶ್ನೆ ಕೇಳುವುದಕ್ಕೆ ಹುಬ್ಬಳ್ಳಿಯ ಗುರುಗಳು ಕ್ವೆರಿ ಎನ್ನುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಕ್ವೆರಿ ಅವರು ಕಲಿಸಿದ್ದರು. ಮಲಗಿದ್ದನ್ನು ಎಬ್ಬಿಸಿ ನಿಲ್ಲಿಸುವುದು ಮುಂದಿನ ತರಬೇತಿಯಲ್ಲಿ ಎಂದಿದ್ದರು. ಮುಂದಿನ ತರಬೇತಿಗೆ ಸಂಘ ಯಾರನ್ನೂ ಕಳಿಸಿರಲಿಲ್ಲ.

ಜಯತೀರ್ಥ ತಲೆ ಹಿಡಿದುಕೊಂಡು ಕುಳಿತ. ಸುಂದರಾಬಾಯಿ ತರಗತಿಯಲ್ಲಿ ಹಾಜರಿ ಕೂಗುವುದು ನೆನಪಾಯಿತು. ಹೆಸರು ಕೂಗಿದರೆ ಆ ಹುಡುಗಿ ಮಾತ್ರ ಎದ್ದು ಓ ಎನ್ನುತ್ತಾಳೆ, ಉಳಿದವರು ಸುಮ್ಮನಿರುತ್ತಾರೆ. ಹಾಗೆಯೇ ಕೂಗಿದರೆ? ಸಾಲಿನಲ್ಲಿರುವ ಊರು ಬೆಳ್ಳಟ್ಟಿಯಾದರೆ ಅದರ ತೂಕ ಹಾಕು, ಅಲ್ಲವಾದರೆ ಸೊನ್ನೆ ಹಾಕು. ಊರು ಲಕ್ಷ್ಮೇಶ್ವರವಾದರೆ ಅದರ ತೂಕ, ಅಲ್ಲವಾದರೆ ಸೊನ್ನೆ. ಹೀಗೆ ನಾಗಾವಿಯವರೆಗೆ ಒಂದೊಂದು ಊರಿಗೂ ಒಂದೊಂದು ಕೂಗು. ಅವನು ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟಿ ಎಲ್ಲ ಊರನ್ನೂ ಕೂಗಿ ಗುಂಡಿ ಒತ್ತಿದ. ಹಸಿರು ಪರದೆಯ ಮೇಲೆ ಊರುಗಳು ಸಾಕ್ಷಾತ್ ಎದ್ದು ನಿಂತವು. ಅವನಿಗೆ ಕುಣಿಯುವ ಹಾಗಾಯಿತು.

ಆದರೆ ಊರುಗಳ ಕೆಳಗೆ ಬಂದದ್ದು ಸೊನ್ನೆಗಳ ರಾಶಿ. ಶೇಂಗಾ ಒಂದು ಸಾಲಿನಲ್ಲಿ ಬಂದು ಮುಗಿಯಲಿಲ್ಲ, ಊರಿಗೊಂದು ಸಲ ಬಂತು. ಒಂದು ಸಾಲಿನಲ್ಲಿ ಒಂದೇ ಊರಿಗೆ ತೂಕ, ಉಳಿದವರಿಗೆಲ್ಲ ಸೊನ್ನೆ. ಮುಂದಿನ ಸಾಲಿನಲ್ಲಿ ಮಗ್ಗಲಿನ ಊರಿಗೆ ತೂಕ, ಉಳಿದವರಿಗೆ ಸೊನ್ನೆ. ಅಂಕಿಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗಿದ್ದವು. ಇದೇನು ಎಂದು ಅವನು ನೋಡುತ್ತಿರುವಾಗಲೇ ಹಿಂದಿನಿಂದ ಚಹಾದ ವಾಸನೆ ಬಂತು. ಹೇಮಪ್ಪನವರು ಅವನ ಹೆಗಲ ಮೇಲಿಂದ ಬಗ್ಗಿ ತಮ್ಮ ಊರನ್ನು ಹುಡುಕುತ್ತಿದ್ದರು. ಅಲ್ಲಿ ಮೇಲಿಂದ ಕೆಳಗಿನವರೆಗೆ ಸೊನ್ನೆ, ನಡುವೆ ಅಲ್ಲೊಂದು ಇಲ್ಲೊಂದು ಅಂಕಿ.

ಬೀಗರು ತಮ್ಮ ಊರಿನ ಮೇಲೆ ಸೊನ್ನೆ ಸುರಿಸಿದ್ದಾರೆ ಎಂದು ಹೇಮಪ್ಪನವರು ಕಾರಿಡಾರಿನ ತುಂಬ ಸಾರುತ್ತ ಅಧ್ಯಕ್ಷರ ಕೋಣೆಗೆ ಹೋದರು. ಹೊಳೆಯಪ್ಪನವರು ಓಡಿ ಬಂದು ನೋಡಿದರೆ ಬೆಳ್ಳಟ್ಟಿಗೂ ಅದೇ ಗತಿ. ಮಕ್ಕಳ ಮದುವೆಯಾದ ಮೇಲೆ ಮೊದಲ ಸಲ ಬೀಗರಿಬ್ಬರೂ ಒಂದೇ ದನಿಯಲ್ಲಿ ಮಾತಾಡಿದರು. ಸರದಿ ತಪ್ಪದೆ, ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು, ಜಯತೀರ್ಥನನ್ನು ಬೈದರು. ರಾಮಚಂದ್ರರಾಯರು ಎದ್ದು ಬಾಗಿಲು ಹಾಕಿದರು. ತಂಪು ಹೊರಗೆ ಹೋಗುತ್ತಿತ್ತು.

ಬೈಗಳ ನಡುವೆಯೇ ಜಯತೀರ್ಥನಿಗೆ ತಪ್ಪು ಹೊಳೆಯಿತು. ಕೂಗಿದ್ದೇನೋ ಸರಿ, ಕೂಡಿಸಿರಲಿಲ್ಲ. ಶೇಂಗಾದ ಸಾಲುಗಳನ್ನೆಲ್ಲ ಕೂಡಿಸಿ ಒಂದು ಮಾಡು, ಕುಸುಬಿಯದನ್ನು ಕೂಡಿಸಿ ಒಂದು ಮಾಡು ಎಂದು ಹೇಳಬೇಕಿತ್ತು. ಸೊನ್ನೆಯನ್ನು ಎಷ್ಟು ಕೂಡಿಸಿದರೂ ಸೊನ್ನೆಯೇ, ಆದ್ದರಿಂದ ಪ್ರತಿ ಊರಿಗೂ ಅದರ ತೂಕ ಮಾತ್ರ ಉಳಿಯುತ್ತದೆ. ಅವನು ಬೈಗಳು ಮುಗಿಯುವುದನ್ನೂ ಕಾಯದೆ ಮತ್ತೆ ಕುಟ್ಟತೊಡಗಿದ. ಕೊನೆಯ ಅಕ್ಷರ ಕುಟ್ಟುವ ಹೊತ್ತಿಗೆ ಕರೆಂಟ್ ಹೋಯಿತು.

ಪರದೆ ಕಪ್ಪಾಯಿತು, ತಂಪು ಯಂತ್ರ ಒಮ್ಮೆ ಗೊರಕೆ ಹೊಡೆದು ನಿಂತಿತು, ಕೋಣೆಯಲ್ಲಿದ್ದವರೆಲ್ಲ ತಮಗೆ ಬೇರೆ ಕೆಲಸವಿದೆ ಎಂಬುದನ್ನು ನೆನಪು ಮಾಡಿಕೊಂಡು ಹೊರಟುಹೋದರು. ಕತ್ತಲಲ್ಲಿ ಒಬ್ಬನೇ ಕುಳಿತ ಜಯತೀರ್ಥನಿಗೆ ಅಳು ಬಂತು. ಮುಂಡರಗಿಯ ಕೋಣೆ, ಅಲ್ಲಿಯ ಸ್ಟವ್ವು, ಅದರ ಮೇಲೆ ತಾನೇ ಮಾಡಿಕೊಳ್ಳುವ ಅರೆಬೆಂದ ಅನ್ನ, ಎಲ್ಲ ಕಣ್ಣ ಮುಂದೆ ಬಂದವು. ಸಂಜೆ ಶಾಲೆ ಬಿಟ್ಟು ಬಂದ ಸುಂದರಾಬಾಯಿ ಒಬ್ಬಳೇ ಬೀಗ ತೆಗೆಯುವುದೂ ಕಾಣಿಸಿತು.

ಕರೆಂಟ್ ಬಂದಾಗ ಊಟದ ಹೊತ್ತು ಮೀರಿತ್ತು. ಜಯತೀರ್ಥ ದೇವರ ಹೆಸರು ಹೇಳಿ ಮೊದಲಿನಿಂದ ಕುಟ್ಟಿದ. ಈ ಸಲ ಶೇಂಗಾಕ್ಕೆ ಒಂದು ಸಾಲು, ಕುಸುಬಿಗೆ ಒಂದು ಸಾಲು, ಎಳ್ಳಿಗೆ ಒಂದು ಸಾಲು. ತಲೆಯ ಮೇಲೆ ಬೆಳ್ಳಟ್ಟಿಯಿಂದ ನಾಗಾವಿಯವರೆಗೆ ಊರುಗಳು ಡೈರೆಕ್ಟರರ ಹಾಗೆ ಮಗ್ಗಲಿಗೆ ಮಗ್ಗಲು ನಿಂತಿದ್ದವು. ಸೊನ್ನೆಗಳೆಲ್ಲ ಕರಗಿಹೋಗಿದ್ದವು.

ಇನ್ನು ಮುದ್ರಿಸುವುದು. ಊರುಗಳು ಮಲಗಿದ್ದಾಗ ಒಂದೇ ಕಾಗದದಲ್ಲಿ ಹಿಡಿಸಿದ್ದವು, ನಿಂತ ಮೇಲೆ ಹಿಡಿಸಲಿಲ್ಲ. ಅರ್ಧ ಊರುಗಳು ಒಂದು ಹಾಳೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಬಂದವು. ಎರಡನ್ನೂ ಜೋಡಿಸೋಣವೆಂದರೆ ಕಚೇರಿಯ ಗೋಂದಿನ ಬಾಟಲಿ ಒಣಗಿ ಕಲ್ಲಾಗಿತ್ತು. ಆಗ ರಾಮಚಂದ್ರರಾಯರ ಮನಸ್ಸು ಕರಗಿತು. ಅವರು ಇನ್ನೂ ಮುಟ್ಟಿರದ ಊಟದ ಡಬ್ಬಿ ತೆರೆದು, ಮೊಸರು ಕಲಸುವ ಮೊದಲೇ ಒಂದು ಹಿಡಿ ಅನ್ನ ತೆಗೆದುಕೊಟ್ಟರು. ಅನ್ನವನ್ನು ಅರೆದು ಹಚ್ಚಿ ಹಾಳೆಗಳನ್ನು ಅಂಟಿಸಿದರು. ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಗೊತ್ತಿರಲಿಲ್ಲವಾದ್ದರಿಂದ ಊರುಗಳ ಹೆಸರನ್ನು ರಾಯರೇ ಕೆಂಪು ಶಾಯಿಯಲ್ಲಿ ಕನ್ನಡದಲ್ಲಿ ಮುತ್ತು ಪೋಣಿಸಿದಂತೆ ಬರೆದರು. ಬರೆದಾದ ಮೇಲೆ ಇಡೀ ಕೆಲಸವೇ ತಮ್ಮದು ಎನ್ನುವ ಭಾವ ಅವರ ಮುಖದಲ್ಲಿ ಮೂಡಿತು.

ಹೊಳೆಯಪ್ಪನವರು ನೋಡಿದರು. ಮೊದಲು ಬೆಳ್ಳಟ್ಟಿ, ಅದರ ಮೇಲೆ ಯಾರೂ ಇಲ್ಲ. ಹೇಮಪ್ಪನವರು ಆಚೆ ತುದಿಯಿಂದ ನೋಡಿದರು, ಮೊದಲು ನಾಗಾವಿ. ಇಬ್ಬರೂ ನಕ್ಕರು. ಹೊಳೆಯಪ್ಪನವರು ಜಯತೀರ್ಥನ ಬೆನ್ನು ತಟ್ಟಿ, ಸಭೆಯಲ್ಲಿ ಅವನಿಗೊಂದು ಹಾರ ಹಾಕಿಸುವುದಾಗಿಯೂ, ಅನ್ನ ಮೆತ್ತಿದ ಅಂಗಿ ಬದಲಿಸಿ ಬರಬೇಕೆಂದೂ ಹೇಳಿದರು. ಜಯತೀರ್ಥ ಕಾಗದವನ್ನು ಸುರುಳಿ ಸುತ್ತಿದ. ಬೆಳ್ಳಟ್ಟಿಗೆ ಯಾರ ಕೈಯ ಕೊಳೆಯೂ ತಾಗಬಾರದೆಂದು ಆ ತುದಿಯನ್ನೇ ಒಳಗಿಟ್ಟು ಜೋಪಾನವಾಗಿ ಸುತ್ತಿದ. ಅದನ್ನು ಕಚೇರಿಯ ಸಿಪಾಯಿ ಲಾಡಸಾಬನ ಕೈಗೆ ಕೊಟ್ಟು, ಸಭೆಯ ಕೋಣೆಯಲ್ಲಿ ಗೋಡೆಗೆ ಹಚ್ಚಲು ಹೇಳಿ, ಸೈಕಲ್ ಹತ್ತಿ ಬೆಟಗೇರಿಯ ಕಡೆ ಹಾರಿದ.

ಸುಂದರಾಬಾಯಿ ಆಗತಾನೇ ಶಾಲೆಯಿಂದ ಬಂದಿದ್ದಳು. ಮುಂಡರಗಿ ತಪ್ಪಿತು ಎಂದು ಅವನು ಬಾಗಿಲಲ್ಲೇ ಹೇಳಿದ. ಅವಳು ಖರೇನೇ ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಅವನ ಇಸ್ತ್ರಿಯ ಅಂಗಿಯನ್ನು ತಾನೇ ತಂದು, ಗುಂಡಿ ತಾನೇ ಹಾಕಿದಳು. ಮದುವೆಯಾದಾಗಿನಿಂದ ಜಯತೀರ್ಥ ಅಷ್ಟು ಸಂತೋಷಪಟ್ಟದ್ದಿಲ್ಲ. ವಾಪಸು ಬರುವಾಗ ಅವನ ಸೈಕಲ್ಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ.

ಸಭೆಯ ಕೋಣೆಯ ಬಾಗಿಲಿಗೆ ಬಂದ ಜಯತೀರ್ಥ ಅಲ್ಲೇ ನಿಂತ. ಊರೂರಿನಿಂದ ಬಂದ ಸದಸ್ಯರು ಗೋಡೆಯೆದುರು ಗುಂಪಾಗಿ, ಎಲ್ಲರೂ ಕುತ್ತಿಗೆಯನ್ನು ಎಡಕ್ಕೆ ವಾಲಿಸಿ ನಿಂತಿದ್ದರು. ಕಿವಿಗೆ ಎಣ್ಣೆ ಬಿಟ್ಟುಕೊಂಡವರ ಹಾಗೆ.

ಲಾಡಸಾಬನದು ಏನೂ ತಪ್ಪಿಲ್ಲ. ಆ ಕೋಣೆಯ ಗೋಡೆಗಳ ತುಂಬ ಹಿಂದಿನ ಅಧ್ಯಕ್ಷರ ಪಟಗಳಿದ್ದವು, ತೆಗೆದರೆ ಅವರ ಮನೆಯವರು ಬಿಡುತ್ತಿರಲಿಲ್ಲ. ಖಾಲಿಯಿದ್ದದ್ದು ಎರಡು ಕಿಟಕಿಗಳ ನಡುವಿನ ಇಕ್ಕಟ್ಟಾದ ಜಾಗ ಒಂದೇ. ಅಡ್ಡಕ್ಕೆ ಅಷ್ಟು ಉದ್ದದ ಕಾಗದ ಅಲ್ಲಿ ಹಿಡಿಸುವುದಿಲ್ಲ. ಆತ ಸುರುಳಿಯ ಹೊರಗಿದ್ದ ತುದಿಯನ್ನು ಎತ್ತರದ ಮೊಳೆಗೆ ಸಿಕ್ಕಿಸಿ ಕೈ ಬಿಟ್ಟಿದ್ದ. ಸುರುಳಿ ಸರ್ರನೆ ಬಿಚ್ಚಿಕೊಂಡು ಕೆಳಗಿಳಿದಿತ್ತು. ಹೊರಗಿದ್ದ ತುದಿ ನಾಗಾವಿಯದು. ಈಗ ಅದು ಎಲ್ಲರ ನೆತ್ತಿಯ ಮೇಲೆ, ಅಧ್ಯಕ್ಷರ ಪಟಗಳ ಸಮಕ್ಕೆ ರಾರಾಜಿಸುತ್ತಿತ್ತು. ಅದರ ಕೆಳಗೆ ಒಂದರ ಕೆಳಗೊಂದರಂತೆ ಎಲ್ಲ ಊರುಗಳು. ಎಲ್ಲಕ್ಕಿಂತ ಕೆಳಗೆ, ಸದಸ್ಯರ ಮೊಣಕಾಲಿನ ಹತ್ತಿರ, ಬೆಳ್ಳಟ್ಟಿ. ಬೆಳ್ಳಟ್ಟಿಗಿಂತ ಕೆಳಗಿದ್ದದ್ದು ಶೇಂಗಾ, ಕುಸುಬಿ, ಎಳ್ಳು ಮಾತ್ರ.

ಮುಂದಿನ ಕುರ್ಚಿಯಲ್ಲಿ ಹೊಳೆಯಪ್ಪನವರು ನೆಲ ನೋಡುತ್ತ ಕುಳಿತಿದ್ದರು. ಹೇಮಪ್ಪನವರು ಮಾತ್ರ ಕುತ್ತಿಗೆ ಬಾಗಿಸಿರಲಿಲ್ಲ. ಓದುವ ಅಗತ್ಯ ಅವರಿಗಿರಲಿಲ್ಲ.

ಜಯತೀರ್ಥ ಮಂದಿಯನ್ನು ಸೀಳಿಕೊಂಡು ನುಗ್ಗಿದ. ಕುರ್ಚಿ ಹತ್ತಿ, ಕಾಗದವನ್ನು ಅಡ್ಡಕ್ಕೆ ತಿರುಗಿಸಿ ಹಿಡಿದಾದರೂ ನಿಲ್ಲುತ್ತೇನೆ ಎಂದು ಎಳೆದ. ರಾಯರ ಮನೆಯ ಅನ್ನ ಇನ್ನೂ ಹಸಿಯಾಗಿತ್ತು. ಮೇಲಿನ ಅರ್ಧ ಮೊಳೆಯಲ್ಲೇ ಉಳಿಯಿತು, ಕೆಳಗಿನ ಅರ್ಧ ಕಳಚಿ ಬೆಳ್ಳಟ್ಟಿಯ ಸಮೇತ ನೆಲಕ್ಕೆ ಬಿತ್ತು. ಏನಾಯಿತೆಂದು ನೋಡಲು ಮುಂದೆ ಬಂದ ಹೇಮಪ್ಪನವರ ಬಲಗಾಲು ಸರಿಯಾಗಿ ಅದರ ಮೇಲೆ ಬಂತು.

ಹೇಮಪ್ಪನವರು ಸಂಪ್ರದಾಯ ಬಿಡುವವರಲ್ಲ. ಕಾಲಿಗೆ ತಾಗಿದ ಕಾಗದವನ್ನು ಎರಡೂ ಕೈಯಿಂದ ಎತ್ತಿ, ಬೆಳ್ಳಟ್ಟಿಯನ್ನು ಒಂದು ಕಣ್ಣಿಗೂ ಇನ್ನೊಂದು ಕಣ್ಣಿಗೂ ಒತ್ತಿಕೊಂಡು, ಹೊಳೆಯಪ್ಪನವರ ಕೈಗೆ ಕೊಟ್ಟರು.

“ಕಾಲಾಗ ಬಂತ್ರಿ ಬೀಗರ,” ಎಂದರು ಬಹಳ ವಿನಯದಿಂದ. “ತಪ್ಪು ತಿಳಕೋಬ್ಯಾಡ್ರಿ.”

ಮಹಾಸಭೆ ನಕ್ಕ ನಗುವಿಗೆ ಕಿಟಕಿಯ ಪಾರಿವಾಳಗಳು ಎದ್ದುಹೋದವು.

ಸಭೆ ಮುಗಿದ ಮೇಲೆ ಜಯತೀರ್ಥನಿಗೆ ಕರೆ ಬಂತು. ಹೊಳೆಯಪ್ಪನವರ ಮುಂದೆ ಟೈಪಾದ ಆರ್ಡರ್ ಇತ್ತು, ಪೆನ್ನಿನ ಟೋಪಿ ತೆಗೆದಿತ್ತು. ಅವರು ಸಿಟ್ಟಿನಲ್ಲಿದ್ದಿದ್ದರೆ ಜಯತೀರ್ಥನಿಗೆ ಸಮಾಧಾನವಾಗುತ್ತಿತ್ತು. ಅವರು ಸಿಟ್ಟಿನಲ್ಲಿರಲಿಲ್ಲ, ಸೋತುಹೋಗಿದ್ದರು.

“ಮುಂಡರಗಿಗೆ ಹೋಗಿಬಿಡ್ರಿ,” ಎಂದರು. “ಅಲ್ಲಿ ಒಂದ ಊರಿನ ಲೆಕ್ಕ ಇರತೈತಿ. ಹೆಂಗ ಹಚ್ಚಿದ್ರೂ ಯಾರೂ ಕೆಳಗ ಬರಂಗಿಲ್ಲ.”

ಜಯತೀರ್ಥ ಕೊನೆಯ ಹುಲ್ಲುಕಡ್ಡಿಯನ್ನು ಹಿಡಿದುಕೊಂಡ. “ಕಂಪ್ಯೂಟರ್ ಯಾರಿಗೂ ಬರೂದಿಲ್ಲರಿ. ನಾ ಹೋದ್ರ ಅದನ್ನ ಯಾರು ನಡಸ್ತಾರ್ರಿ?”

“ನಮ್ಮ ಅಳಿಯಂದ್ರು ಸೋಮವಾರದಿಂದ ಬರತಾರ. ಬೀಗರು ಈಗ ಕೇಳಿ ಹ್ವಾದ್ರು,” ಎಂದರು ಹೊಳೆಯಪ್ಪನವರು, ಸಹಿ ಹಾಕುತ್ತ. “ಹೆಣ್ಣ ಕೊಟ್ಟಾಂವ ನಾನು. ಇಲ್ಲ ಅನ್ನಾಕ ಬರತೈತೇನ್ರಿ?”